ಭತ್ತದ ದುಂಡಾಣು ಅಂಗಮಾರಿ: ಹತೋಟಿಯ ಅಧ್ಯಯನ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿ, ಸಸ್ಯರೋಗಶಾಸ್ತ್ರ)

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದಲ್ಲಿ ಕಾಣಿಸಿಕೊಳ್ಳುವ ದುಂಡಾಣು ಅಂಗಮಾರಿ ರೋಗವನ್ನು ನನ್ನ ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಗಂಗಾವತಿ, ಸಿರುಗುಪ್ಪ, ಸಿಂಧನೂರು ಭಾಗದ ಗದ್ದೆಗಳಿಂದ ರೋಗ ತಗುಲಿದ ಎಲೆಗಳನ್ನು ತಂದು, ರೋಗಕಾರಕವಾದ ಕ್ಸಾಂಥೊಮೊನಾಸ್ ಒರೈಝೆ ದುಂಡಾಣುವನ್ನು (ಬ್ಯಾಕ್ಟೀರಿಯಾ) ಬೇರ್ಪಡಿಸಿ, ಅದರ ಮೇಲೆ ಸ್ಟ್ರೆಪ್ಟೊಸೈಕ್ಲಿನ್ (ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಪ್ರತಿಜೀವಕಗಳ ಮಿಶ್ರಣ), ತಾಮ್ರದ ಆಕ್ಸಿಕ್ಲೋರೈಡ್, ಬೇವು ಮತ್ತು ಬೆಳ್ಳುಳ್ಳಿಯ ರಸ, ಸ್ಯೂಡೊಮೊನಾಸ್ ಎಂಬ ಜೈವಿಕ ರೋಗನಿಯಂತ್ರಕ ಇವುಗಳ ಪರಿಣಾಮವನ್ನು ಪ್ರಯೋಗಾಲಯದ ಪೆಟ್ರಿ ತಟ್ಟೆಯಲ್ಲಿ ಅಳೆಯಬೇಕೆಂಬುದು ಸದ್ಯದ ಯೋಜನೆ. ಈ ದಾರಿಯಲ್ಲಿ ಹೋದರೆ ರೈತರ ಕೈಗೆ ಕೊಡಬಹುದಾದ ಫಲಿತಾಂಶ ಸಿಗುತ್ತದೆಯೇ? ಹಾಗೆಯೇ, ಎಲೆಯ ತುದಿ ಒಣಗುವುದಕ್ಕೆ ಬೇರೆ ಕಾರಣಗಳೂ ಇರುವುದರಿಂದ, ಗದ್ದೆಯಲ್ಲಿಯೇ ಈ ರೋಗವನ್ನು ಖಚಿತಪಡಿಸಿಕೊಳ್ಳುವ ಕ್ರಮವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಸ್ಯರೋಗಶಾಸ್ತ್ರ ಬೋಧಕರು)

ಮೊದಲು ನಿಮ್ಮ ಎರಡನೆಯ ಪ್ರಶ್ನೆ. ಅಂಗಮಾರಿಯ ಮಚ್ಚೆ ಎಲೆಯ ತುದಿಯಿಂದ ಅಥವಾ ಅಂಚಿನಿಂದ ಆರಂಭವಾಗಿ ಕೆಳಗೆ ಇಳಿಯುತ್ತದೆ. ಒಣಗಿದ ಭಾಗಕ್ಕೂ ಹಸಿರು ಭಾಗಕ್ಕೂ ನಡುವಿನ ಗೆರೆ ಅಂಕುಡೊಂಕಾಗಿರುತ್ತದೆ. ಬೆಳಿಗ್ಗೆ ಬೇಗ ಗದ್ದೆಗೆ ಹೋದರೆ ಎಳೆಯ ಮಚ್ಚೆಗಳ ಮೇಲೆ ಹಾಲಿನ ಬಣ್ಣದ ಹನಿಗಳು ಕಾಣುತ್ತವೆ. ಬಿಸಿಲೇರಿದ ಮೇಲೆ ಅವೇ ಒಣಗಿ ಹಳದಿ ಹರಳಿನಂತಾಗುತ್ತವೆ. ಅನುಮಾನವಿದ್ದರೆ ಮಚ್ಚೆಯ ಅಂಚಿನಲ್ಲಿ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ದುಂಡಾಣುವಿದ್ದರೆ ಆ ತುದಿಯಿಂದ ಬಿಳಿ ಎಳೆಯೊಂದು ನೀರಿನೊಳಗೆ ಇಳಿಯತೊಡಗುತ್ತದೆ. ಸತುವಿನ ಕೊರತೆಯಿಂದಲೋ ನೀರಿನ ಕೊರತೆಯಿಂದಲೋ ಒಣಗಿದ ಎಲೆಯಲ್ಲಿ ಅದು ಬರುವುದಿಲ್ಲ.

ಇನ್ನು ಪೆಟ್ರಿ ತಟ್ಟೆಯ ವಿಚಾರ. ತಟ್ಟೆಯಲ್ಲಿ ದುಂಡಾಣುವನ್ನು ಕೊಲ್ಲುವ ವಸ್ತುಗಳಿಗೆ ಕೊರತೆಯಿಲ್ಲ. ಆದರೆ ಈ ದುಂಡಾಣು ಎಲೆಯ ಅಂಚಿನ ಜಲರಂಧ್ರಗಳ ಮೂಲಕ ಅಥವಾ ಗಾಯಗಳ ಮೂಲಕ ಒಳಹೊಕ್ಕು, ನೀರು ಸಾಗಿಸುವ ನಾಳಗಳಲ್ಲಿ ಮನೆಮಾಡಿಕೊಳ್ಳುತ್ತದೆ. ಎಲೆಯ ಮೇಲೆ ಸಿಂಪಡಿಸಿದ ತಾಮ್ರವಾಗಲಿ ಬೇವಿನ ರಸವಾಗಲಿ ಅಲ್ಲಿಗೆ ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ತಟ್ಟೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಗದ್ದೆಯಲ್ಲಿ ಮಾಯವಾಗುವುದಕ್ಕೆ ಇದೇ ಮುಖ್ಯ ಕಾರಣ. ಪ್ರತಿಜೀವಕಗಳ ಕುರಿತು ಇನ್ನೂ ಒಂದು ಆಕ್ಷೇಪವಿದೆ: ಮನುಷ್ಯರ ಚಿಕಿತ್ಸೆಗೆ ಬೇಕಾದ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳನ್ನು ಬೆಳೆಗೆ ಬಳಸುವುದನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರಲ್ಲಿಯೇ ಹೊರಡಿಸಿತು. ಬಾಗಿಲು ಮುಚ್ಚುತ್ತಿರುವ ದಾರಿಯಲ್ಲಿ ನಿಮ್ಮ ಎರಡು ವರ್ಷಗಳನ್ನು ಕಳೆಯುವುದು ಸರಿಯಲ್ಲವೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ನಿಮ್ಮ ಪ್ರದೇಶದಲ್ಲಿ ಈ ದುಂಡಾಣುವಿನ ಯಾವ ಯಾವ ತಳಿಗಳಿವೆ ಎಂಬುದನ್ನು ಕಂಡುಕೊಳ್ಳಿ. ರೋಗವನ್ನು ತಡೆಯುವ ನಿರೋಧಕ ವಂಶವಾಹಿಗಳಲ್ಲಿ ತಲಾ ಒಂದೊಂದನ್ನು ಮಾತ್ರ ಹೊಂದಿರುವ ಭತ್ತದ ಸಾಲುಗಳನ್ನು (ಶುದ್ಧ ವಂಶಗಳನ್ನು) ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್ 24 ತಳಿಯ ಹಿನ್ನೆಲೆಯಲ್ಲಿ ರೂಪಿಸಿದೆ. ಅವುಗಳನ್ನು ಐಆರ್‌ಬಿಬಿ ಸಾಲುಗಳೆಂದು ಕರೆಯುತ್ತಾರೆ. ಪ್ರತಿ ಗದ್ದೆಯ ದುಂಡಾಣುವನ್ನು ಈ ಎಲ್ಲ ಸಾಲುಗಳ ಮೇಲೆ ಪ್ರಯೋಗಿಸಿ, ಮಚ್ಚೆ ಎಷ್ಟು ಸೆಂಟಿಮೀಟರ್ ಇಳಿಯಿತೆಂದು ಅಳೆದರೆ, ನಿಮ್ಮ ಸೀಮೆಯಲ್ಲಿ ಯಾವ ವಂಶವಾಹಿ ಇನ್ನೂ ಕೆಲಸ ಮಾಡುತ್ತಿದೆ, ಯಾವುದು ಸೋತಿದೆ ಎಂಬ ಚಿತ್ರ ಸಿಗುತ್ತದೆ. ಸೋಂಕು ಹಚ್ಚುವ ಕ್ರಮ ಸರಳ: ದುಂಡಾಣುವಿನ ದ್ರಾವಣದಲ್ಲಿ ಅದ್ದಿದ ಕತ್ತರಿಯಿಂದ ಎಲೆಯ ತುದಿಯನ್ನು ಕತ್ತರಿಸಿ, 14 ದಿನಗಳ ನಂತರ ಅಳತೆ ತೆಗೆದುಕೊಳ್ಳುವುದು. ಇದನ್ನು ಬಲೆಮನೆಯೊಳಗೆ, ಬಳಸಿದ ಗಿಡಗಳನ್ನೂ ನೀರನ್ನೂ ಹೊರಗೆ ಬಿಡದೆ ಮಾಡಬೇಕು ಎಂಬುದನ್ನು ಮರೆಯಬೇಡಿ.

ಉತ್ತರ 2 (ತಳಿ ಅಭಿವೃದ್ಧಿ ವಿಭಾಗದ ಸಂಶೋಧಕಿ)

ಮೇಲಿನ ಸಲಹೆಯನ್ನು ಪೂರ್ಣವಾಗಿ ಒಪ್ಪುತ್ತೇನೆ. ಅದಕ್ಕೆ ಪೂರಕವಾಗಿ, ನಿರೋಧಕತೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಪ್ರಯೋಗದ ಫಲಿತಾಂಶವನ್ನು ಅರ್ಥೈಸುವುದು ಸುಲಭವಾಗುತ್ತದೆ.

ಈ ದುಂಡಾಣು ತನ್ನ ಪ್ರೋಟೀನುಗಳನ್ನು ಭತ್ತದ ಜೀವಕೋಶದೊಳಕ್ಕೆ ಚುಚ್ಚಿ ಸೇರಿಸುತ್ತದೆ. ಅವು ಕೋಶಕೇಂದ್ರವನ್ನು ತಲುಪಿ, ಸಕ್ಕರೆಯನ್ನು ಕೋಶದಿಂದ ಹೊರಸಾಗಿಸುವ ಸ್ವೀಟ್ ಎಂಬ ಗುಂಪಿನ ವಂಶವಾಹಿಗಳನ್ನು ಚಾಲೂ ಮಾಡುತ್ತವೆ. ಅಂದರೆ ಗಿಡ ತಾನಾಗಿಯೇ ತನ್ನ ಶತ್ರುವಿಗೆ ಉಣಬಡಿಸುವಂತೆ ಮಾಡುವುದು ಈ ರೋಗದ ಮರ್ಮ. ಎಕ್ಸ್‌ಎ13 ಎಂಬ ನಿರೋಧಕ ರೂಪದಲ್ಲಿ ಸ್ವೀಟ್ 11ರ ಮುಂಭಾಗದ ನಿಯಂತ್ರಕ ಭಾಗವೇ ಬದಲಾಗಿರುವುದರಿಂದ ದುಂಡಾಣುವಿನ ಪ್ರೋಟೀನಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಸ್ವೀಟ್ 11 ವಂಶವಾಹಿಯನ್ನೇ ಪೂರ್ತಿ ತೆಗೆದುಹಾಕುವಂತಿಲ್ಲ, ಏಕೆಂದರೆ ಪರಾಗ ಸರಿಯಾಗಿ ಬಲಿಯುವುದಕ್ಕೆ ಅದು ಬೇಕು. ನಿಯಂತ್ರಕ ಭಾಗವೊಂದನ್ನೇ ಬದಲಿಸಿದ ನಿಸರ್ಗದ ಈ ಪರಿಹಾರವನ್ನು ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಇದೇ ದಾರಿಯನ್ನು ಅನುಸರಿಸಿ, ಮೂರು ಸ್ವೀಟ್ ವಂಶವಾಹಿಗಳ ನಿಯಂತ್ರಕ ಭಾಗಗಳನ್ನು ಜೀನೋಮ್ ತಿದ್ದುಪಡಿಯ ಮೂಲಕ ಬದಲಿಸಿದ ಭತ್ತವನ್ನು 2019ರಲ್ಲಿ ಪ್ರಕಟಿಸಲಾಯಿತು.

ಎಕ್ಸ್‌ಎ21 ಎಂಬ ನಿರೋಧಕ ವಂಶವಾಹಿ ಬೇರೆ ಬಗೆಯದು. ಅದು ದುಂಡಾಣುವಿನ ಸುಳಿವನ್ನು ಕೋಶದ ಹೊರಮೈಯಲ್ಲಿಯೇ ಹಿಡಿದು ಎಚ್ಚರಿಕೆ ಕೊಡುವ ಗ್ರಾಹಕ. ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ ಬಂದ ಈ ಗುಣವನ್ನು ಭತ್ತದ ತಳಿವಿಜ್ಞಾನಿ ಗುರುದೇವ ಸಿಂಗ್ ಖುಷ್ ಅವರ ತಂಡ ಬೇಸಾಯದ ಭತ್ತಕ್ಕೆ ತಂದಿತು. 1995ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಪಮೇಲಾ ರೊನಾಲ್ಡ್ ಅವರ ಪ್ರಯೋಗಾಲಯ ಆ ವಂಶವಾಹಿಯನ್ನು ಪ್ರತ್ಯೇಕಿಸಿತು. ಎಳೆಯ ಸಸಿಯಲ್ಲಿ ಇದರ ರಕ್ಷಣೆ ದುರ್ಬಲ, ಬೆಳೆದ ಗಿಡದಲ್ಲಿ ಬಲವಾದದ್ದು. ಸಸಿಯ ಹಂತದಲ್ಲಿ ಪರೀಕ್ಷಿಸಿ ಎಕ್ಸ್‌ಎ21 ಸೋತಿತೆಂದು ಬರೆದುಬಿಡುವ ಅಪಾಯವಿರುವುದರಿಂದ, ತೆಂಡೆ ತುಂಬಿದ ಹಂತದಲ್ಲಿಯೇ ಪ್ರಯೋಗ ಮಾಡಿ. ನಿಮ್ಮ ಭಾಗದ ಸೆಖೆಯನ್ನು ನೋಡಿದರೆ, ಎಕ್ಸ್‌ಎ7 ಇರುವ ಸಾಲನ್ನೂ ಖಂಡಿತ ಸೇರಿಸಿಕೊಳ್ಳಬೇಕು. ಬಿಸಿ ಹೆಚ್ಚಿದಾಗ ಹಲವು ನಿರೋಧಕ ವಂಶವಾಹಿಗಳು ಕುಗ್ಗಿದರೆ ಇದು ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಹೈದರಾಬಾದಿನ ಅಂದಿನ ಭತ್ತ ಸಂಶೋಧನಾ ನಿರ್ದೇಶನಾಲಯ (ಈಗಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ) ಮತ್ತು ಸಿಸಿಎಂಬಿ (ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸೇರಿ, ಸಾಂಬಾ ಮಸೂರಿಗೆ, ಅಂದರೆ ನಿಮ್ಮಲ್ಲಿ ಬಿಪಿಟಿ 5204 ಎಂದು ಬೆಳೆಯುವ ತಳಿಗೆ, ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5 ಮೂರನ್ನೂ ಸೇರಿಸಿ ರೂಪಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ನಿಮ್ಮ ಪ್ರಯೋಗದಲ್ಲಿ ಮೂಲ ಬಿಪಿಟಿಯನ್ನೂ ಈ ತಳಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ, ರೈತರಿಗೆ ನೇರವಾಗಿ ಹೇಳಬಹುದಾದ ಮಾತು ನಿಮಗೆ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾರ್ಗದರ್ಶಕರೊಂದಿಗೆ ಚರ್ಚಿಸಿ ತಟ್ಟೆಯ ಪ್ರಯೋಗಗಳನ್ನು ಕಡಿಮೆ ಮಾಡುತ್ತೇನೆ. ಆದರೆ ಹೊಸ ತಳಿಯ ಬೀಜ ಎಲ್ಲರಿಗೂ ಸಿಗುವವರೆಗೆ ಈಗಿರುವ ಬೆಳೆಯಲ್ಲಿ ರೈತರು ಏನು ಮಾಡಬೇಕು ಎಂಬುದು ಉಳಿಯುತ್ತದೆಯಲ್ಲವೇ?

ಉತ್ತರ 3 (ಸಿರುಗುಪ್ಪ ಭಾಗದ ರೈತ)

ನಮ್ಮ ಕಡೆ ಹುಬ್ಬೆ, ಉತ್ತರೆ ಮಳೆ ಗಾಳಿಯ ಸಮೇತ ಬಿದ್ದ ಮೇಲೆ ಈ ರೋಗ ಜೋರಾಗುತ್ತದೆ. ಗಾಳಿಗೆ ಎಲೆಗೆಲೆ ಉಜ್ಜಿ ಗಾಯವಾಗುತ್ತದೆ, ನೀರು ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ಹರಿಯುತ್ತಾ ರೋಗವನ್ನೂ ಹೊತ್ತೊಯ್ಯುತ್ತದೆ. ಅದೇ ಹೊತ್ತಿಗೆ ಬೆಳೆ ಕಪ್ಪಗೆ ಕಾಣಲೆಂದು ಯೂರಿಯಾ ಎರಚಿದವರ ಗದ್ದೆಯೇ ಮೊದಲು ಬೆಳ್ಳಗಾಗುವುದನ್ನು ನಾನು ಪ್ರತಿ ಹಂಗಾಮಿನಲ್ಲಿಯೂ ನೋಡುತ್ತೇನೆ. ಆದ್ದರಿಂದ ರೋಗ ಕಂಡ ಕೂಡಲೇ ಮೇಲುಗೊಬ್ಬರ ನಿಲ್ಲಿಸಿ, ಸಾಧ್ಯವಾದಷ್ಟು ನೀರು ಬಸಿಯುತ್ತೇನೆ, ರೋಗದ ಮಡಿಯ ನೀರನ್ನು ಪಕ್ಕದವರ ಗದ್ದೆಗೆ ಬಿಡುವುದಿಲ್ಲ. ಸಾರಜನಕವನ್ನು ಕಂತುಗಳಲ್ಲಿ ಕೊಟ್ಟು ಪೊಟ್ಯಾಷ್ ತಪ್ಪಿಸದಿರುವುದು ನನ್ನ ಅನುಭವದಲ್ಲಿ ಯಾವ ಔಷಧಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದಿದೆ.

ನಾಟಿಯ ಸಮಯದಲ್ಲಿ ಉದ್ದ ಬೆಳೆದ ಸಸಿಗಳ ತುದಿಯನ್ನು ಕುಡುಗೋಲಿನಿಂದ ಸವರುವ ರೂಢಿ ಇನ್ನೂ ಕೆಲವರಲ್ಲಿದೆ. ಮೇಲೆ ಹೇಳಿದ ಕತ್ತರಿಯ ಪ್ರಯೋಗವನ್ನು ಓದಿದಾಗ, ನಾವೇ ಸಸಿಮಡಿಯಲ್ಲಿ ಅದನ್ನು ಮಾಡುತ್ತಿದ್ದೇವಲ್ಲ ಎಂದು ಮನಸ್ಸಿಗೆ ಬಂತು. ನೀವು ಗದ್ದೆಗಳಿಗೆ ಎಲೆ ಸಂಗ್ರಹಿಸಲು ಬರುವಾಗ ತುದಿ ಸವರಿದ್ದರೋ ಇಲ್ಲವೋ, ಯೂರಿಯಾ ಎಷ್ಟು ಹಾಕಿದ್ದರು, ನೀರು ಯಾವ ಮಡಿಯಿಂದ ಬಂತು ಎಂಬುದನ್ನೂ ದಯವಿಟ್ಟು ಬರೆದುಕೊಳ್ಳಿ. ಕೊಯ್ಲಾದ ಮೇಲೆ ಬದುವಿನ ಹುಲ್ಲು ಮತ್ತು ಕೂಳೆಯಲ್ಲಿ ರೋಗ ಉಳಿಯುತ್ತದೆಯೇ ಎಂಬುದನ್ನು ಬೇಸಿಗೆ ಬೆಳೆಯ ಮುಂಚೆ ಪರೀಕ್ಷಿಸಿ ಹೇಳಿದರೆ ನಮ್ಮಂಥವರಿಗೆ ಬಹಳ ಉಪಕಾರವಾಗುತ್ತದೆ. ಎರಡು ಬೆಳೆ ತೆಗೆಯುವ ನಮಗೆ ಅವುಗಳ ನಡುವೆ ಸಿಗುವ ಬಿಡುವು ತೀರ ಕಡಿಮೆ.