ಆರು ಮೇಜಿನ ಏಷ್ಯನ್ ಫ್ಯೂಷನ್ ತಿಂಡಿಮನೆ: ಸಸ್ಯಾಹಾರಿಗಳು ಏನನ್ನು ಕೇಳಿ ತಿನ್ನಬೇಕು?

ತುಂಗಾತೀರ (ಪ್ರಶ್ನೆ)

ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಆರೇ ಮೇಜುಗಳಿರುವ ಸಣ್ಣ ತಿಂಡಿಮನೆಯೊಂದು ತೆರೆದಿದೆ. ಕೊರಿಯಾ, ಥಾಯ್ಲೆಂಡ್, ಜಪಾನ್‌ಗಳ ಬೀದಿ ತಿನಿಸುಗಳನ್ನು ನಮ್ಮ ರುಚಿಗೆ ಬೆರೆಸಿ ಕೊಡುತ್ತೇವೆಂದು ಫಲಕ ಹಾಕಿದ್ದಾರೆ. ಗೊಚುಜಾಂಗ್ (ಕೊರಿಯಾದ ಮೆಣಸಿನ ಮುದ್ದೆ) ಪನೀರ್ ತುಂಬಿದ ಬಾವೊ ಎಂಬ ಬನ್ನು, ಕಿಮ್ಚಿ ದೋಸೆ, ಥಾಯ್ ಕರಿಯಲ್ಲಿ ಮುಳುಗಿಸಿದ ತರಕಾರಿ ಮೊಮೊ (ಟಿಬೆಟಿನ ಹಬೆಕಡುಬು), ಅಣಬೆಯ ರಾಮೆನ್ (ಸಾರಿನಲ್ಲಿ ಮುಳುಗಿದ ಜಪಾನಿನ ನೂಡಲ್ಸ್) ಎಲ್ಲವೂ ಪಟ್ಟಿಯಲ್ಲಿದ್ದು, ಪ್ರತಿಯೊಂದರ ಮುಂದೆಯೂ ಹಸಿರು ಚುಕ್ಕೆಯಿದೆ. ಬರುವ ಭಾನುವಾರ ತನ್ನ ಹುಟ್ಟುಹಬ್ಬಕ್ಕೆ ಅಲ್ಲಿಗೇ ಹೋಗಬೇಕೆಂಬುದು ಮಗಳ ಹಟ. ನನ್ನ ತಾಯಿಯವರು ಮೊಟ್ಟೆಯನ್ನೂ ಮುಟ್ಟದವರು. ಆದರೆ ಮೊಮ್ಮಗಳ ಜೊತೆ ಕುಳಿತು ಹೊಸದನ್ನು ತಿನ್ನುವ ಉತ್ಸಾಹ ನನಗಿಂತ ಅವರಿಗೇ ಹೆಚ್ಚು. ಕಳೆದ ವರ್ಷ ಬೇರೊಂದು ಕಡೆ ತರಕಾರಿ ಸೂಪೆಂದು ತರಿಸಿಕೊಂಡದ್ದನ್ನು ಅರ್ಧ ಕುಡಿದ ಮೇಲೆ, ಅದರ ತಿಳಿಸಾರು ಒಣಮೀನಿನದೆಂದು ತಿಳಿದು, ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಸಿರು ಚುಕ್ಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಮೊದಲ ಸಲ ಹೋಗುವವರು ಯಾವುದರಿಂದ ಆರಂಭಿಸಬೇಕು?

ಒಗ್ಗರಣೆ ಸೌಟು

ಇಂಥದೇ ಒಂದು ಸಣ್ಣ ಅಡುಗೆಮನೆಯಲ್ಲಿ ನಾಲ್ಕು ವರ್ಷ ದುಡಿದವನಾಗಿ ಹೇಳುತ್ತೇನೆ. ನಿಮ್ಮ ತಾಯಿಯವರಿಗೆ ತೊಂದರೆಯಾಗುವುದು ತಟ್ಟೆಯಲ್ಲಿ ಕಾಣುವ ತುಂಡುಗಳಿಂದಲ್ಲ, ಕಾಣದ ದ್ರವಗಳಿಂದ. ಥಾಯ್ ಕರಿಯ ಮಸಾಲೆ ಮುದ್ದೆಗೆ ಸಾಂಪ್ರದಾಯಿಕವಾಗಿ ಸೀಗಡಿಯನ್ನು ಹುದುಗಿಸಿ ಅರೆದ ಪೇಸ್ಟ್ ಸೇರಿಸುತ್ತಾರೆ. ಮೇಲಿಂದ ಉಪ್ಪಿನ ಬದಲು ನಾಮ್ ಪ್ಲಾ ಎಂಬ ಮೀನಿನ ಸಾಸ್ ಬೀಳುತ್ತದೆ. ಜಪಾನಿನ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಕಳೆ ಮತ್ತು ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನು ಹಾಕಿ ಮಾಡುವುದರಿಂದ, ರಾಮೆನ್ ಬಟ್ಟಲಿನಲ್ಲಿ ಬರಿಯ ಅಣಬೆ ತೇಲುತ್ತಿದ್ದರೂ ಕೆಳಗಿನ ಸಾರು ಮೀನಿನದೋ ಮಾಂಸದ್ದೋ ಆಗಿರಬಹುದು. ಕಿಮ್ಚಿಯೆಂದರೆ ಬರೀ ಎಲೆಕೋಸಿನ ಉಪ್ಪಿನಕಾಯಿಯೆಂದು ನಾವು ತಿಳಿದಿರುತ್ತೇವೆ. ಕೊರಿಯಾದ ರೂಢಿಯಲ್ಲಿ ಅದಕ್ಕೆ ಉಪ್ಪು ಹಾಕಿದ ಸೀಗಡಿಯೋ ಮೀನಿನ ಸಾಸೋ ಬೇಕು. ಗೊಚುಜಾಂಗ್ ಮಾತ್ರ ಮೆಣಸಿನಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾಗಳದ್ದಾದ್ದರಿಂದ ಹೆಚ್ಚಾಗಿ ನಿರಪಾಯ.

ಪಟ್ಟಿಯ ಮೇಲಿನ ಚುಕ್ಕೆ ಮಾಲೀಕರ ತಿಳಿವಳಿಕೆಯಷ್ಟೇ ನಂಬಲರ್ಹ. ಬಾಟಲಿಯ ಮೇಲಿನ ಹಸಿರು ವೃತ್ತ (ಸಸ್ಯಾಹಾರ) ಅಥವಾ ಕಂದು ತ್ರಿಕೋನ (ಮಾಂಸಾಹಾರ) ಕಾನೂನು ಬೇಡುವ ಗುರುತು. ಆದ್ದರಿಂದ ಸಂಕೋಚವಿಲ್ಲದೆ ಬಾಟಲಿ ತೋರಿಸಿರೆಂದು ಕೇಳಿ. ಸಂಜೆ ಆರಕ್ಕೇ ಹೋಗಿ. ಎಂಟೂವರೆಯ ನೂಕುನುಗ್ಗಲಿನಲ್ಲಿ ಯಾವ ಅಡುಗೆಯವನೂ ಹೊರಗೆ ಬಂದು ಉತ್ತರಿಸುವುದಿಲ್ಲ. ಕೋಳಿಮಾಂಸದ ಮೊಮೊ ಬೇಯುವ ತಟ್ಟೆಯ ಕೆಳಗಿನ ಅಂತಸ್ತಿನಲ್ಲೇ ತರಕಾರಿ ಮೊಮೊ ಬೇಯುತ್ತದೆಯೇ ಎಂಬುದನ್ನೂ ವಿಚಾರಿಸಿ. ಮೇಲಿನದರ ನೀರು ಕೆಳಗಿನದರ ಮೇಲೆ ತೊಟ್ಟಿಕ್ಕುತ್ತದೆ.

ಪಿರಿಯಾಪಟ್ಟಣದವಳು

ನನ್ನ ಊರಿನ ಪಕ್ಕದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿರುವುದರಿಂದ, ಮೊಮೊ ನಮಗೆ ಮಹಾನಗರದ ಹೊಸ ಹುಚ್ಚೆಂದು ಎಂದೂ ಅನ್ನಿಸಿಲ್ಲ. ಮೇಲಿನವರ ಮಾತಿಗೆ ಒಂದು ಸೇರ್ಪಡೆ. ನಾವು ತಳ್ಳುಗಾಡಿಗಳಲ್ಲಿ ತಿಂದು ಬೆಳೆದ ಗೋಬಿ ಮಂಚೂರಿಯೂ ಫ್ಯೂಷನ್ನೇ. ಕೋಳಿ ಮಂಚೂರಿಯನ್ನನ್ನು 1975ರಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಅವರು ರೂಪಿಸಿದರೆಂಬ ಮಾತು ಪ್ರಚಲಿತವಾಗಿದೆ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂದಿತು. ಆದರೆ ಅದರ ರಸ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಸೋಯಾ ಸಾಸ್, ಮೆಕ್ಕೆಜೋಳದ ಹಿಟ್ಟುಗಳದ್ದು. ಮೀನಿನ ಸಾಸಿಗೆ ಅಲ್ಲಿ ಕೆಲಸವೇ ಇರಲಿಲ್ಲ. (ಬಣ್ಣದ ಮಾತು ಬೇರೆ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲೆ, ಅದರ ನಿಜವಾದ ಕಂದುಬಣ್ಣವನ್ನು ನನ್ನ ಮಕ್ಕಳು ಮೊದಲ ಬಾರಿಗೆ ನೋಡಿದರು.) ಹಳೆಯ ಬೆರಕೆ ನಮ್ಮ ಪಥ್ಯಕ್ಕೆ ತಾನೇ ಬಗ್ಗಿತ್ತು, ಹೊಸ ಬೆರಕೆಯವರಿಗೆ ಆಯಾ ದೇಶದ ಅಸಲಿ ಬಾಟಲಿಯನ್ನೇ ಬಳಸಿದ್ದೇವೆಂಬ ಹೆಮ್ಮೆ. ಹಾಗಾಗಿ ತಾಯಿಯವರಿಗೆ ಮೊದಲು ಬಾವೊ ಕೊಡಿಸಿ. ಅದು ಹಬೆಯಲ್ಲಿ ಬೆಂದ ಮೆತ್ತನೆಯ ಗೋಧಿ ಬನ್ನು; ಹಲ್ಲಿಗೂ ಸುಲಭ.

ಹುಳಿಹಿಟ್ಟು

ಕಿಮ್ಚಿ ದೋಸೆಯ ಬಗ್ಗೆ ನನ್ನ ತಕರಾರಿದೆ. ದೋಸೆಹಿಟ್ಟನ್ನೂ ಕಿಮ್ಚಿಯನ್ನೂ ಹುಳಿ ಬರಿಸುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೇ. ಲ್ಯುಕೊನೊಸ್ಟಾಕ್ ಎಂಬ ಕುಲದವು ಎರಡರಲ್ಲೂ ಇರುತ್ತವೆ. ಹುಳಿಗೆ ಹುಳಿ ಸೇರಿದಾಗ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ. ನಾನು ತಿಂದ ಕಡೆ ಆಲೂಗಡ್ಡೆ ಪಲ್ಯವನ್ನೂ ತೆಗೆದುಹಾಕಿದ್ದರಿಂದ ಹುಳಿಯನ್ನು ತಣಿಸಲು ಏನೂ ಉಳಿದಿರಲಿಲ್ಲ. ತರಿಸುವುದಾದರೆ ಒಂದನ್ನೇ ತರಿಸಿ ಹಂಚಿಕೊಳ್ಳಿ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಆರಕ್ಕೇ ಹೋಗಿದ್ದೆವು. ಬಾಟಲಿ ಕೇಳಿದಾಗ ಬಡಿಸುವ ಹುಡುಗ ಸ್ವಲ್ಪ ಮುಖ ಗಂಟಿಕ್ಕಿದರೂ, ಅಡುಗೆಯವರು ತಾವೇ ನಾಲ್ಕು ಬಾಟಲಿ ತಂದು ಮೇಜಿನ ಮೇಲಿಟ್ಟರು. ಗೊಚುಜಾಂಗ್ ಮತ್ತು ಸೋಯಾ ಸಾಸಿನ ಮೇಲೆ ಹಸಿರು ವೃತ್ತವಿತ್ತು. ರಾಮೆನ್ ಸಾರನ್ನು ಅಣಬೆ ಮತ್ತು ಕೊಂಬುವಿನಿಂದ ಅಲ್ಲಿಯೇ ಕಾಯಿಸುತ್ತಾರೆ. ಥಾಯ್ ಮುದ್ದೆಯ ಡಬ್ಬದ ಮೇಲೆ ಮಾತ್ರ ಕಂದು ತ್ರಿಕೋನ ಕಂಡಿತು. ಅವರು ಅದನ್ನು ತಿರುಗಿಸಿ ನೋಡಿ, ವಿತರಕರು ಈ ತಿಂಗಳು ಬೇರೆ ತಯಾರಿಕೆಯನ್ನು ಕಳಿಸಿದ್ದಾರೆಂದು ಪೇಚಾಡಿಕೊಂಡು, ನಮ್ಮೆದುರೇ ಪಟ್ಟಿಯಲ್ಲಿ ಮೊಮೊ ಮುಂದಿನ ಚುಕ್ಕೆಗೆ ಪೆನ್ನಿನಿಂದ ಗೀಟು ಹಾಕಿದರು. ಅಮ್ಮ ಎರಡು ಬಾವೊ ತಿಂದರು. ಒಳಗಿನ ಪನೀರಿಗಿಂತ ಗೊಚುಜಾಂಗಿನ ಸಿಹಿಖಾರವೇ ಅವರಿಗೆ ಹಿಡಿಸಿ, ಬೆಲ್ಲ ಹಾಕಿದ ಮೆಣಸಿನಕಾಯಿ ಗೊಜ್ಜಿನಂತಿದೆ, ಅಕ್ಕಿರೊಟ್ಟಿಗೆ ನಂಜಿಕೊಳ್ಳಬಹುದೆಂದರು. ಕಿಮ್ಚಿ ದೋಸೆಯನ್ನು ತರಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದಹಾಗೆ, ಗೊಚುಜಾಂಗಿನ ಸಣ್ಣ ಡಬ್ಬವೊಂದನ್ನು ಮನೆಗೂ ತಂದಿದ್ದೇವೆ. ತೆರೆದ ಮೇಲೆ ಅದನ್ನು ಫ್ರಿಜ್ಜಿನಲ್ಲೇ ಇಡಬೇಕೇ, @ಒಗ್ಗರಣೆ ಸೌಟು?

ಒಗ್ಗರಣೆ ಸೌಟು

ಫ್ರಿಜ್ಜಿನಲ್ಲೇ ಇಡಿ, ಒದ್ದೆ ಚಮಚ ಮಾತ್ರ ಹಾಕಬೇಡಿ. ತಿಂಗಳುಗಟ್ಟಲೆ ಕೆಡುವುದಿಲ್ಲ, ಬಣ್ಣ ಸ್ವಲ್ಪ ಕಪ್ಪಾಗಬಹುದಷ್ಟೆ.