ಅಜ್ಜಿ ಕಟ್ಟಿದ ದಾರವನ್ನು ಮಗಳು ಕತ್ತರಿಸಿದ್ದಾಳೆ, ಏನು ಹೇಳಲಿ?

ಶಿವಮೊಗ್ಗದವಳು, ಡಬ್ಲಿನ್:
ಎಲ್ಲರಿಗೂ ನಮಸ್ಕಾರ. ನಾನು ಕಥೋಲಿಕ ಮನೆಯ ಮಗಳು. ಕೊಟ್ಟಿದ್ದು ಹೊಸನಗರ ಕಡೆಯ ಅಡಿಕೆ ತೋಟದ ಹಿಂದೂ ಮನೆಗೆ. ಇಲ್ಲಿಯವರೆಗೆ ಎರಡೂ ಕಡೆ ಒಂದು ಮಾತು ಬಂದಿರಲಿಲ್ಲ. ಮಗಳಿಗೆ ಎಂಟು ವರ್ಷ. ಭಾನುವಾರ ನನ್ನ ಜೊತೆ ಚರ್ಚಿನ ಬಲಿಪೂಜೆಗೆ ಬರುತ್ತಾಳೆ. ಈಚೆಗೆ ಶನಿವಾರ ಗೆಳತಿಯ ಮನೆಯ ಮಕ್ಕಳ ಪ್ರಾರ್ಥನೆಗೂ ಹೋಗುತ್ತಿದ್ದಳು. ಅಜ್ಜಿ ಮನೆಯವರು ಪೂಜಿಸುವ ತೋಟದ ಭೂತಗಳೆಲ್ಲ ಸೈತಾನನ ಕಡೆಯವು, ದಾರ ಕಟ್ಟಿಕೊಂಡರೆ ದೆವ್ವಕ್ಕೆ ದಾರಿ ಕೊಟ್ಟ ಹಾಗೆ ಅಂತ ಅಲ್ಲಿ ಹೇಳಿದ್ದಾರೆ.

ನಿನ್ನೆ ಬಚ್ಚಲಿನ ಕಸದ ಬುಟ್ಟಿಯಲ್ಲಿ ಟಿಶ್ಯೂ ಸುತ್ತಿದ ಕಪ್ಪು ದಾರ ಸಿಕ್ಕಿತು. ಹೋದ ವರ್ಷ ಅವಳ ಅಜ್ಜಿ ತೋಟ ಕಾಯುವ ಚೌಡಿಯ ಬನದಲ್ಲಿಟ್ಟು ತಂದು ಕಟ್ಟಿದ್ದು. ಉಗುರು ಕತ್ತರಿಯಲ್ಲಿ ತಾನೇ ಕತ್ತರಿಸಿಕೊಂಡಿದ್ದಾಳೆ, ಕೈ ಮೇಲೆ ಗೀರು ಬಿದ್ದಿದೆ. ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ಅಜ್ಜಿ ವಿಡಿಯೋ ಕಾಲ್ ಮಾಡಿದರೆ ಸೋಫಾ ಹಿಂದೆ ಹೋಗಿ ಕೂರುತ್ತಾಳೆ. ಮೇ ತಿಂಗಳಿಗೆ ಊರಿಗೆ ಟಿಕೆಟ್ ಆಗಿದೆ. ಸೈತಾನ ಇಲ್ಲವೇ ಇಲ್ಲ ಅನ್ನುವವಳಲ್ಲ ನಾನು. ಇವಳ ಜ್ಞಾನಸ್ನಾನದ ದಿನ ಅವನನ್ನು ತ್ಯಜಿಸುತ್ತೇನೆ ಅಂತ ಬಾಯಿಬಿಟ್ಟು ಹೇಳಿದ್ದೇನೆ. ಮಗುವಿಗೆ ಏನು ಹೇಳಲಿ?

ಸಾಗರದ ಅಣ್ಣ:
ಕನ್ನಡ ಶಾಲೆಗೆ ಸೇರಿಸಿ ತಂಗಿ. ಎಲ್ಲದಕ್ಕೂ ಅದೇ ಮದ್ದು. ನಾವು ಸೇರಿಸಲಿಲ್ಲ. ನನ್ನ ಮಗನಿಗೆ ಈಗ ಇಪ್ಪತ್ತೆರಡು. ನಮ್ಮಮ್ಮ ತೀರಿಕೊಳ್ಳುವ ಮುಂಚೆ ಅವನ ಕೈ ಹಿಡಿದು ಏನೋ ಹೇಳಿದರು. ಅವನಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ನನ್ನನ್ನು ಕೇಳಿದ. ನಾನು ಆಗ ಮೆಡಿಕಲ್ ಶಾಪಿನಲ್ಲಿದ್ದೆ.

ಭದ್ರಾವತಿ ಅಕ್ಕ:
ನಾನು ಹನ್ನೆರಡು ವರ್ಷ ಧರ್ಮೋಪದೇಶ ತರಗತಿ ಮಾಡಿದವಳು. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ ತೆಗೆದು ಅವಳ ಜೊತೆ ಓದಿ. ನಮ್ಮ ಹೋರಾಟ ಮನುಷ್ಯರ ಜೊತೆಗಲ್ಲ ಅಂತ ಪೌಲ ಮೊದಲೇ ಹೇಳುತ್ತಾನೆ. ಅಂದ ಮೇಲೆ ಅಜ್ಜಿ ಶತ್ರು ಆಗಲು ಸಾಧ್ಯವೇ ಇಲ್ಲ. ಅಲ್ಲಿ ಹೇಳುವ ಆಯುಧಗಳನ್ನೂ ನೋಡಿ. ಸತ್ಯದ ನಡುಕಟ್ಟು, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ. ಕತ್ತಿ ಅಂದರೆ ದೇವರ ವಾಕ್ಯ. ಭಯ ಅನ್ನುವ ಆಯುಧ ಆ ಪಟ್ಟಿಯಲ್ಲಿಲ್ಲ.

ಇನ್ನೊಂದು. ದೆವ್ವ ಬಿಡಿಸುವ ವಿಧಿಯನ್ನು ನಮ್ಮಲ್ಲಿ ಯಾರು ಬೇಕಾದರೂ ಮಾಡುವ ಹಾಗಿಲ್ಲ. ಬಿಷಪರ ಅನುಮತಿ ಇರುವ ಗುರುಗಳೇ ಮಾಡಬೇಕು. ಅದಕ್ಕೂ ಮುಂಚೆ ಇದು ಕಾಯಿಲೆಯೋ ಅಂತ ಖಚಿತಪಡಿಸಿಕೊಳ್ಳಬೇಕು. 1999ರಲ್ಲಿ ಬಂದ ಹೊಸ ವಿಧಿ ಪುಸ್ತಕದಲ್ಲೂ ಆ ಎಚ್ಚರಿಕೆ ಇದೆ. ಶನಿವಾರದ ಗುಂಪಿಗೆ ಸದ್ಯ ಕಳಿಸಬೇಡಿ. ನಿಮ್ಮ ಪ್ಯಾರಿಷ್ ಗುರುಗಳ ಹತ್ತಿರ ಕರೆದುಕೊಂಡು ಹೋಗಿ.

ಶಿಕಾರಿಪುರ, ದೋಹಾ:
ಕ್ಷಮಿಸಿ, ನಾನು ನೇರ ಹೇಳುತ್ತೇನೆ. ಮಗು ಮಾಡಿದ್ದು ಸರಿ. ನನ್ನ ತಮ್ಮ ಏಳು ವರ್ಷ ಕುಡಿತದಲ್ಲಿದ್ದ. ಮನೆಯವರು ತಾಯತ ಕಟ್ಟಿಸಿದರು, ಕೋಳಿ ಕೊಟ್ಟರು, ಏನೂ ಆಗಲಿಲ್ಲ. ಪ್ರಾರ್ಥನೆಯಲ್ಲಿ ಬಿಡುಗಡೆ ಸಿಕ್ಕಿತು. ನಾನು ಕಣ್ಣಾರೆ ಕಂಡವನು. ಅನ್ಯರು ಅರ್ಪಿಸುವುದು ದೆವ್ವಗಳಿಗೆ ಅಂತ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲೇ ಇದೆ. ಸೈತಾನ ಗರ್ಜಿಸುವ ಸಿಂಹದ ಹಾಗೆ ತಿರುಗುತ್ತಿದ್ದಾನೆ ಅಂತ ಪೇತ್ರ ಬರೆದಿದ್ದಾನೆ. ಎರಡು ದೋಣಿಯಲ್ಲಿ ಕಾಲಿಡಬೇಡಿ. ಟಿಕೆಟ್ ಕ್ಯಾನ್ಸಲ್ ಮಾಡಿ.

ತೀರ್ಥಹಳ್ಳಿ:
ಯಾರಿಗೆ ದೆವ್ವ ಅಂತಿದ್ದೀರಿ? ನಮ್ಮ ಚೌಡಿ ಬನದಲ್ಲಿ ಒಂದು ಕಡ್ಡಿ ಮುರಿಯುವುದಿಲ್ಲ ಯಾರೂ. ಸುತ್ತ ಗುಡ್ಡ ಬೋಳಾದರೂ ಆ ಬನ ಉಳಿದಿದೆ. ನಮ್ಮ ತೋಟದ ಒರತೆ ಅಲ್ಲಿಂದಲೇ. ಭೂತ ಅಂದರೆ ನಮಗೆ ಕಾಯುವವನು. ನಿಮ್ಮ ಪುಸ್ತಕದ ದೆವ್ವಕ್ಕೂ ಇದಕ್ಕೂ ಏನು ಸಂಬಂಧ?

ಶಿಕಾರಿಪುರ, ದೋಹಾ:
ಕಾಯುವವನು ಒಬ್ಬನೇ. ಮರ ಕಾಯುವುದು ಬೇರೆ, ಆತ್ಮ ಕಾಯುವುದು ಬೇರೆ.

ತೀರ್ಥಹಳ್ಳಿ:
ಹಾಗಾದರೆ ನಿಮ್ಮ ಅಜ್ಜ ಮುತ್ತಜ್ಜ ಎಲ್ಲ ದೆವ್ವದ ಪಾಲಾ?

(ಈ ಮಾತಿನ ಮೇಲೆ ಇನ್ನೂ ಮೂವತ್ತೆಂಟು ಉತ್ತರಗಳು)

ಕೊಪ್ಪ, ನರ್ಸ್:
ಮೇಲಿನ ಜಗಳದಲ್ಲಿ ಇದು ಕಾಣುತ್ತದೋ ಇಲ್ಲವೋ. ಗೀರು ಎಷ್ಟು ಆಳ ಇದೆ ನೋಡಿದಿರಾ? ಕತ್ತರಿ ಎತ್ತಿಡಿ. ಸಣ್ಣ ದೀಪ ಉರಿಯಲಿ ಬಿಡಿ, ಬೈಯಬೇಡಿ. ಎರಡು ಮೂರು ವಾರವಾದರೂ ನಿದ್ದೆ ಸರಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಸಾಗರದ ಅಣ್ಣ:
ಎಲ್ಲರೂ ಸಮಾಧಾನ. ಕನ್ನಡ ಶಾಲೆಯ ವಿಷಯ ಯಾರೂ ಮಾತಾಡಲಿಲ್ಲ.

ಭದ್ರಾವತಿ ಅಕ್ಕ:
ತಂಗಿ, ಒಂದು ಬಿಟ್ಟೆ. ಮಾರ್ಕನ 5ನೇ ಅಧ್ಯಾಯ. ಸಮಾಧಿಗಳ ನಡುವೆ ಇರುತ್ತಿದ್ದವನ ಕಥೆ. ಅವನೊಳಗೆ ದೆವ್ವಗಳ ಒಂದು ದಂಡೇ ಇತ್ತು, ಸುಮಾರು 2000 ಹಂದಿಗಳ ಹಿಂಡಿನೊಳಗೆ ಹೋಯಿತು ಅಂತ ಮಕ್ಕಳಿಗೆ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಓದಿ. ವಾಸಿಯಾದವನು ನಾನೂ ನಿಮ್ಮ ಜೊತೆ ಬರುತ್ತೇನೆ ಅನ್ನುತ್ತಾನೆ. ಯೇಸು ಬೇಡ ಅಂದು ಮನೆಗೆ, ಅವನ ಸ್ವಂತ ಜನರ ಹತ್ತಿರ ಕಳಿಸುತ್ತಾನೆ.

ಶಿವಮೊಗ್ಗದವಳು, ಡಬ್ಲಿನ್:
ಅಕ್ಕ, ರಾತ್ರಿ ಕೂತು ಅದನ್ನು ಪೂರ್ತಿ ಓದಿದೆವು. ಗೀರು ಆಳ ಇಲ್ಲ ಕೊಪ್ಪದವರೇ, ಮುಲಾಮು ಹಚ್ಚಿದೆ. "ಅವನ ಮನೆಯಲ್ಲಿ ಅಜ್ಜಿ ಇದ್ದಳಾ?" ಅಂತ ಕೇಳಿದಳು. ಇದ್ದಿರಬಹುದು ಅಂದೆ. ದೀಪ ಹಾಗೇ ಇತ್ತು. ಇವತ್ತು ಅಜ್ಜಿ ಕಾಲ್ ಬಂದಾಗ ಸೋಫಾ ಹಿಂದೆ ಹೋದಳು, ಆದರೆ ಅಲ್ಲಿಂದಲೇ ಮಾತಾಡಿದಳು. ದಾರ ಎಲ್ಲಿ ಅಂತ ಅತ್ತೆ ಕೇಳಿದರು. ಕೈ ತೋರಿಸು ಅಂದರು. ನಾನು ಕಾಲ್ ಕಟ್ ಮಾಡಿದೆ. ನಾಳೆ ಮತ್ತೆ ಮಾಡುತ್ತಾರೆ.