‘ವಾಟರ್‌ಫಾಲ್ ಚಾರ್ಟ್’ಗೆ ‘ಜಲಪಾತ’ ಎಂಬ ಹೆಸರು ಒಪ್ಪುತ್ತದೆಯೇ?

ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗಾಗಿ ಲೆಕ್ಕಪತ್ರದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ವಾಟರ್‌ಫಾಲ್ ಚಾರ್ಟ್’ ಎಂಬುದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂದು ಬಲ್ಲವರಲ್ಲಿ ಕೇಳುತ್ತಿದ್ದೇನೆ.

ಮೊದಲು ವಸ್ತುವನ್ನು ವಿವರಿಸುತ್ತೇನೆ. ಆರಂಭದ ಮೊತ್ತವೊಂದು ಏರಿಕೆ ಇಳಿಕೆಗಳ ಮೂಲಕ ಕೊನೆಯ ಮೊತ್ತವಾಗುವುದನ್ನು ಸಾಲುಗಂಬಗಳಲ್ಲಿ ತೋರಿಸುವ ನಕ್ಷೆ ಇದು. ತಿಂಗಳ ಆರಂಭಿಕ ಶಿಲ್ಕು 40,000 ರೂಪಾಯಿ ಇದ್ದು, ಹಾಲಿನ ಮಾರಾಟದಿಂದ 25,000 ಜಮಾ ಆಗಿ, ಬಟವಾಡೆಗೆ 15,000, ಸಾಗಣೆಗೆ 8,000 ಖರ್ಚಾದರೆ ಅಖೈರು ಶಿಲ್ಕು 42,000 ಎನ್ನೋಣ. ಮೊದಲ ಮತ್ತು ಕೊನೆಯ ಕಂಬಗಳು ಸೊನ್ನೆಯ ಗೆರೆಯಿಂದ ಏಳುತ್ತವೆ. ನಡುವಿನವು ನೆಲ ಮುಟ್ಟದೆ, ಹಿಂದಿನ ಕಂಬ ಎಲ್ಲಿ ಮುಗಿಯಿತೋ ಅಲ್ಲಿಂದ ಹೊರಡುವುದರಿಂದ, ಜಮಾದ ಕಂಬ 40ರಿಂದ 65 ಸಾವಿರಕ್ಕೆ ಏರುತ್ತದೆ, ಬಟವಾಡೆಯದು 65ರಿಂದ 50ಕ್ಕೆ ಇಳಿಯುತ್ತದೆ, ಸಾಗಣೆಯದು 42ರಲ್ಲಿ ನಿಲ್ಲುತ್ತದೆ. ಎಕ್ಸೆಲ್ 2016ರಲ್ಲಿ ಇದು ಸಿದ್ಧ ರೂಪದಲ್ಲಿ ಬರುವ ಮೊದಲು, ಪದರಗಂಬಗಳ (ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬಗಳ) ಕೆಳಭಾಗದ ಬಣ್ಣ ತೆಗೆದು ಮೇಲಿನ ತುಂಡು ತೇಲುವಂತೆ ಮಾಡುತ್ತಿದ್ದರು.

ನನ್ನ ತೊಡಕು ‘ಪಾತ’ ಎಂಬಲ್ಲಿದೆ. ಉಲ್ಕಾಪಾತ, ಹಿಮಪಾತಗಳಲ್ಲಿರುವಂತೆ ಅದಕ್ಕೆ ಬೀಳುವುದೆಂದೇ ಅರ್ಥ. ಜೋಗದ ರಾಜಾ 253 ಮೀಟರ್ ಎತ್ತರದಿಂದ ಧುಮುಕುತ್ತದೆ. ಧುಮುಕಿದ ನೀರು ನಡುದಾರಿಯಲ್ಲಿ ಮತ್ತೆ ಮೇಲೇರುವುದಿಲ್ಲ. ಜಮಾ ಹೆಚ್ಚಾದ ತಿಂಗಳ ಲೆಕ್ಕಕ್ಕೂ ‘ಜಲಪಾತ’ ಎಂದರೆ ಓದುವವರು ನಷ್ಟವೆಂದು ತಿಳಿಯಬಹುದು. ಆದ್ದರಿಂದ ಒಟ್ಟು ಆದಾಯದಿಂದ ಖರ್ಚುಗಳನ್ನು ಕಳೆಯುತ್ತ ನಿವ್ವಳ ಲಾಭಕ್ಕೆ ಇಳಿಯುವ ಬಗೆಗೆ ಮಾತ್ರ ಆ ಹೆಸರನ್ನು ಉಳಿಸಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ. ಏರಿಕೆ ಇಳಿಕೆ ಎರಡೂ ಇರುವ ಬಗೆಗೂ, ಅಂದಾಜು ಮೊತ್ತಕ್ಕೂ ವಾಸ್ತವ ಮೊತ್ತಕ್ಕೂ ನಡುವಿನ ಅಂತರವನ್ನು ಬಾಬುವಾರು ತೋರಿಸುವ ಬಗೆಗೂ ಇಂಗ್ಲಿಷಿನಲ್ಲಿ ‘ಬ್ರಿಡ್ಜ್’ ಎಂಬ ಇನ್ನೊಂದು ಹೆಸರಿದೆ. ಒಂದು ಮೊತ್ತದಿಂದ ಇನ್ನೊಂದಕ್ಕೆ ದಾಟಿಸುವುದೇ ಇದರ ಕೆಲಸವಾದ್ದರಿಂದ ‘ಸೇತು’ ನನಗೆ ಹೆಚ್ಚು ಹಿಡಿಸಿದೆ. ಆದರೆ ‘ಸೇತುವೆ ನಕ್ಷೆ’ ಎಂದೊಡನೆ ಹೊಳೆಗೆ ಕಟ್ಟುವ ಸೇತುವೆಯ ನೀಲನಕ್ಷೆ ನೆನಪಾಗುತ್ತದೆ. ಶಾಲೆಯ ಗಣಿತದ ‘ಸ್ತಂಭಾಲೇಖ’ವನ್ನು ಅನುಸರಿಸಿ ‘ಸೇತು ಆಲೇಖ’ ಎಂದರೆ ಆ ಗೊಂದಲ ಇರದು. ‘ಶಿಲ್ಕು ನಕ್ಷೆ’ ಎಂದೂ ಯೋಚಿಸಿದ್ದೆ, ಆದರೆ ಸಂಘದ ಸದಸ್ಯರ ಸಂಖ್ಯೆಯ ಹೆಚ್ಚುಕಡಿಮೆಯನ್ನು ತೋರಿಸುವಾಗ ಅದು ಒಗ್ಗುವುದಿಲ್ಲ.

ಕಂಬಗಳ ಹೆಸರೂ ಬೇಕಾಗಿದೆ. ಮೊತ್ತ ತೋರಿಸುವವಕ್ಕೆ ‘ನೆಲಗಂಬ’ ಎಂದಿಟ್ಟಿದ್ದೇನೆ. ನಡುವಿನವಕ್ಕೆ ‘ತೇಲುಗಂಬ’, ‘ತೂಗುಗಂಬ’ ಎಂಬ ಎರಡು ರೂಪಗಳು ಹೊಳೆದಿವೆ. ಏರುವ ಕಂಬವನ್ನು ತೂಗುವುದೆನ್ನಲು ಮನಸ್ಸು ಒಪ್ಪದೆ ಸದ್ಯಕ್ಕೆ ‘ತೇಲುಗಂಬ’ ಎಂದು ಬರೆದಿದ್ದೇನೆ. ಲೆಕ್ಕ ಬರೆಯುವವರ ಬಾಯಲ್ಲಿ ಇದಕ್ಕಿಂತ ಸಹಜವಾದ ಮಾತಿದ್ದರೆ ದಯವಿಟ್ಟು ತಿಳಿಸಿ.